ಯಾವ ಕಡತ ಮೊದಲು ತೆರೆಯಿತು?



ಭಾಷಾ ಶಿಕ್ಷಕನಾದ ನಾನು ಕಂಪ್ಯೂಟರ್ ವಿಷಯ ಮಾತನಾಡಲು ನಿಂತಿರುವುದು ನಿಮಗೆ ಆಶ್ಚರ್ಯವೆನಿಸಬಹುದು. ಇದಕ್ಕೆ ಕಾರಣ ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಉರ್ದು ಮಾಧ್ಯಮದಲ್ಲಿ ಓದಿ ಇಂಜಿನಿಯರಿಂಗ್ ಸೇರಿದ ಹುಡುಗ. ಒಂದು ಸಂಜೆ ಮನೆಗೆ ಬಂದು, “ಸರ್, ಇದು ನಮ್ಮಂಥವರಿಗಲ್ಲ, ಬಿಟ್ಟುಬಿಡುತ್ತೇನೆ” ಎಂದ.

ಅವನ ಕಷ್ಟ ಇಷ್ಟು. ಕಾಲೇಜಿನ ಲಿನಕ್ಸ್ ಕಂಪ್ಯೂಟರಿಗೆ ಎಸ್‌ಎಸ್‌ಎಚ್ ಮೂಲಕ ಮನೆಯಿಂದಲೇ ಹೋಗಿ ಕೆಲಸ ಮಾಡಬೇಕಿತ್ತು. ಟರ್ಮಿನಲ್‌ನಿಂದ ಹೋದರೆ ಬಾಗಿಲು ತೆರೆಯುತ್ತಿತ್ತು. ಈಮ್ಯಾಕ್ಸ್ ಎಡಿಟರ್‌ನ ಟ್ರಾಂಪ್ ಸೌಲಭ್ಯದಿಂದ ಅಲ್ಲಿನ ಕಡತ ತೆರೆಯಹೋದರೆ ಎಡಿಟರ್ ಸುಮ್ಮನೆ ಕಾಯುತ್ತಾ ನಿಲ್ಲುತ್ತಿತ್ತು.

“ಬಿಡುವ ಮೊದಲು ಓದೋಣ ಬಾ” ಎಂದು ಪಕ್ಕದಲ್ಲಿ ಕೂರಿಸಿಕೊಂಡೆ. ಟ್ರಾಂಪ್-ವರ್ಬೋಸ್ ಎಂಬ ಮಟ್ಟವನ್ನು 6ಕ್ಕೆ ಏರಿಸಿದರೆ, ಎರಡು ಕಂಪ್ಯೂಟರ್‌ಗಳ ನಡುವಿನ ಮಾತುಕತೆಯೆಲ್ಲ ಬರಹದಲ್ಲಿ ಸಿಗುತ್ತದೆ. ಸಾಲು ಸಾಲಾಗಿ ಓದಿದೆವು. ಕೊನೆಯ ಸಾಲಿನಲ್ಲಿ ಅವನೇ ಅಲಂಕರಿಸಿದ ಪ್ರಾಂಪ್ಟ್ ಇತ್ತು: ಬಣ್ಣ, ಹೆಸರು, ತುದಿಯಲ್ಲೊಂದು ನಕ್ಷತ್ರ. ಪ್ರಾಂಪ್ಟ್ ಎಂದರೆ “ಅಪ್ಪಣೆಯಾಗಲಿ” ಎಂದು ಶೆಲ್ ತೋರಿಸುವ ಗುರುತು. ಅದು ಡಾಲರ್ ಚಿಹ್ನೆಯಂಥ ವಾಡಿಕೆಯ ಗುರುತಿನಿಂದ ಮುಗಿಯುತ್ತದೆಂದು ಟ್ರಾಂಪ್ ನಂಬಿರುತ್ತದೆ. ನಕ್ಷತ್ರ ಕಂಡು, ಇನ್ನೂ ಮಾತು ಮುಗಿದಿಲ್ಲವೆಂದು ಕಾಯುತ್ತಿತ್ತು!

ಟ್ರಾಂಪ್ ತನ್ನ ಟರ್ಮಿನಲ್ ‘ಡಂಬ್’ ಎಂದು ಹೇಳಿಕೊಂಡೇ ಒಳಗೆ ಹೋಗುತ್ತದೆ. ಆದ್ದರಿಂದ ಬ್ಯಾಷ್‌ಆರ್‌ಸಿ ಕಡತದ ಕೊನೆಯಲ್ಲಿ, ಟರ್ಮಿನಲ್ ಡಂಬ್ ಆಗಿದ್ದರೆ ಪ್ರಾಂಪ್ಟ್ ಬರೀ ಡಾಲರ್ ಚಿಹ್ನೆ ಮತ್ತು ಒಂದು ಖಾಲಿ ಜಾಗವಾಗಿರಲಿ ಎಂದು ಬರೆದೆವು. ಹಳೆಯ ಸಂಪರ್ಕ ಮುಚ್ಚಿ ಹೊಸದಾಗಿ ತೆರೆದೆವು. ಕಡತ ತೆರೆಯಿತು.

ಆಮೇಲೆ ಇನ್ನೊಂದು ತೊಡಕು. ಅವನು ತನ್ನ ಫೋಲ್ಡರ್‌ನಲ್ಲಿ ಹಾಕಿಕೊಂಡಿದ್ದ ಪ್ರೋಗ್ರಾಂ ಟರ್ಮಿನಲ್‌ನಲ್ಲಿ ಓಡುತ್ತಿತ್ತು, ಎಡಿಟರ್‌ನಿಂದ ಸಿಗುತ್ತಿರಲಿಲ್ಲ. ಪ್ರೋಗ್ರಾಂ ಹುಡುಕುವ ದಾರಿಗೆ ಪಾಥ್ ಎನ್ನುತ್ತಾರೆ. ಟ್ರಾಂಪ್‌ಗೆ ಅದರದೇ ಪಟ್ಟಿಯಿದೆ. ಆ ಪಟ್ಟಿಗೆ ಟ್ರಾಂಪ್-ಓನ್-ರಿಮೋಟ್-ಪಾಥ್ ಸೇರಿಸಿ, ಅವನ ಪಾಥ್ ಸಾಲನ್ನು ಪ್ರೊಫೈಲ್ ಕಡತಕ್ಕೆ ಸಾಗಿಸಿದಾಗ ಅದೂ ಸರಿಯಾಯಿತು.

ವಿದ್ಯಾರ್ಥಿಗಳೇ, ಕನ್ನಡ ಪುಸ್ತಕ ಎಡದಿಂದ ತೆರೆಯುತ್ತದೆ, ಉರ್ದು ಪುಸ್ತಕ ಬಲದಿಂದ. ಎಲ್ಲಿಂದ ತೆರೆಯಬೇಕೆಂದು ತಿಳಿಯದವನಿಗೆ ಕೊನೆಯ ಪುಟವೇ ಮೊದಲ ಪುಟ. ಬ್ಯಾಷ್ ಶೆಲ್ಲೂ ಹಾಗೆಯೇ. ಲಾಗಿನ್ ಆಗಿ ಬಂದರೆ ಬ್ಯಾಷ್-ಪ್ರೊಫೈಲ್, ಬ್ಯಾಷ್-ಲಾಗಿನ್, ಪ್ರೊಫೈಲ್ ಎಂಬ ಮೂರರಲ್ಲಿ ಮೊದಲು ಸಿಕ್ಕಿದ ಒಂದನ್ನು ಮಾತ್ರ ಓದುತ್ತದೆ. ಲಾಗಿನ್ ಇಲ್ಲದೆ ಟರ್ಮಿನಲ್ ಕಿಟಕಿ ತೆರೆದರೆ ಬ್ಯಾಷ್‌ಆರ್‌ಸಿ ಓದುತ್ತದೆ. ಯಾರದೋ ಸಲಹೆಯಂತೆ ಹೊಸದಾಗಿ ಬ್ಯಾಷ್-ಪ್ರೊಫೈಲ್ ಮಾಡಿಟ್ಟರೆ, ಹಳೆಯ ಪ್ರೊಫೈಲ್ ಸದ್ದಿಲ್ಲದೆ ಮೂಲೆಗೆ ಸರಿಯುತ್ತದೆ.

ಇಂಥ ತೊಂದರೆ ಬಂದಾಗ ಮೂರು ಮಾತು ನೆನಪಿಡಿ. ತಿದ್ದುವ ಮೊದಲು ಕಡತದ ನಕಲು ತೆಗೆದಿಡಿ. ಹೊಸ ಸಂಪರ್ಕ ಸರಿಯಾಗಿ ತೆರೆಯುವ ತನಕ ಹಳೆಯ ಟರ್ಮಿನಲ್ ಮುಚ್ಚಬೇಡಿ. ಒಂದು ಸಲಕ್ಕೆ ಒಂದೇ ಸಾಲು ಬದಲಿಸಿ ನೋಡಿ.

ಆ ಹುಡುಗ ಓದು ಬಿಡಲಿಲ್ಲ. ಅವನು ತನ್ನ ಯೋಗ್ಯತೆಯ ತೀರ್ಪೆಂದು ತಿಳಿದಿದ್ದುದು ಒಂದು ನಕ್ಷತ್ರದ ತಕರಾರಾಗಿತ್ತು. ನೀವೂ “ನನ್ನಿಂದಾಗದು” ಎನ್ನುವ ಮೊದಲು ಒಮ್ಮೆ ಕೇಳಿಕೊಳ್ಳಿ: ಇಲ್ಲಿ ಯಾವ ಕಡತ ಮೊದಲು ತೆರೆಯಿತು?