ಬರೆಹಕ್ಕೆ ಮೊದಲಿನ ಹಕ್ಕು

ನ್ಯಾಯವೆಂಬುದು ಮನುಷ್ಯ ಮಾಡಿಕೊಂಡ ಕಟ್ಟಳೆಯೆ, ಅಥವಾ ಕಟ್ಟಳೆಗಿಂತ ಮೊದಲೇ ಇದ್ದು ಕಟ್ಟಳೆಯನ್ನೇ ಅಳೆಯಬಲ್ಲ ಮಾನದಂಡವೆ? ಪ್ಲೇಟೋವಿನ ಕಾಲದಿಂದ ಕೇಳುತ್ತ ಬಂದಿರುವ ಈ ಪ್ರಶ್ನೆಯನ್ನು ತತ್ತ್ವಶಾಸ್ತ್ರದ ತರಗತಿಗೆ ಬಿಟ್ಟುಕೊಡುವುದು ವಾಡಿಕೆ. ನಮ್ಮ ದೇಶದಲ್ಲಿ ಅದು ಒಮ್ಮೆ ಸೆರೆಮನೆಯ ಬಾಗಿಲಿಗೇ ಬಂದು ನಿಂತಿತ್ತು.

1975ರ ಜೂನ್ ತಿಂಗಳಲ್ಲಿ ತುರ್ತು ಪರಿಸ್ಥಿತಿ ಘೋಷಿತವಾದ ಮೇಲೆ, ಸಂವಿಧಾನದ 21ನೆಯ ಅನುಚ್ಛೇದ ರಕ್ಷಿಸುವ ಜೀವ ಮತ್ತು ಸ್ವಾತಂತ್ರ್ಯಗಳ ಹಕ್ಕಿಗಾಗಿ ನ್ಯಾಯಾಲಯದ ಮೊರೆಹೋಗುವುದನ್ನು ರಾಷ್ಟ್ರಪತಿಗಳ ಆಜ್ಞೆ ತಡೆಯಿತು. ವಿಚಾರಣೆಯಿಲ್ಲದೆ ಬಂಧಿತರಾದವರ ಅರ್ಜಿಗಳನ್ನು ಆದರೂ ಆಲಿಸಬಹುದೆಂದು ಕರ್ನಾಟಕವೂ ಸೇರಿ ಹಲವು ಉಚ್ಚ ನ್ಯಾಯಾಲಯಗಳು ಹೇಳಿದವು. ಸರ್ಕಾರ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಕೇಳಿದ ಪ್ರಶ್ನೆ ಸರಳವಾದುದು: ಪೊಲೀಸ್ ಅಧಿಕಾರಿಯೊಬ್ಬ ಸ್ವಂತ ಹಗೆಯಿಂದ ಯಾರನ್ನಾದರೂ ಕೊಂದರೆ ಆಗಲೂ ಪರಿಹಾರವಿಲ್ಲವೆ? ಅಟಾರ್ನಿ ಜನರಲ್ ನಿರೇನ್ ಡೇ ಅವರು, ತಮ್ಮ ವಾದದ ಪ್ರಕಾರ ಇಲ್ಲವೆಂದೇ ಉತ್ತರಿಸಿದರು. ಆ ಉತ್ತರದಲ್ಲಿ ತರ್ಕದೋಷವಿಲ್ಲ. ಭಯ ಹುಟ್ಟಿಸುವುದು ಅದೇ. ಹಕ್ಕು ಬರೆಹದ ಕೊಡುಗೆಯಾದರೆ, ಬರೆದ ಕೈ ಅದನ್ನು ಅಳಿಸಲೂಬಹುದು.

1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ಸರ್ಕಾರದ ವಾದವನ್ನು ಎತ್ತಿಹಿಡಿದರು. ಖನ್ನಾ ಒಬ್ಬರೇ ಭಿನ್ನರಾದರು. 21ನೆಯ ಅನುಚ್ಛೇದವೇ ಇಲ್ಲದಿದ್ದರೂ, ಕಾನೂನಿನ ಆಧಾರವಿಲ್ಲದೆ ಯಾರ ಜೀವವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಕಸಿಯುವ ಅಧಿಕಾರ ಪ್ರಭುತ್ವಕ್ಕಿಲ್ಲ ಎಂಬುದು ಅವರ ನಿಲುವು.

ಇಲ್ಲೊಂದು ಆಕ್ಷೇಪವುಂಟು, ಹಗುರವಾದುದಲ್ಲ. ಬರೆಹದ ಆಚೆಗೆ ಕಾಲಿಟ್ಟ ನ್ಯಾಯಾಧೀಶ ತನ್ನ ಒಲವನ್ನೇ ಧರ್ಮವೆಂದು ಸಾರನೆ? ಸಾರಬಹುದು, ಸಾರಿದವರೂ ಉಂಟು. ಆದರೆ ಅಳೆಯುವವನು ತಪ್ಪಿದ ಮಾತ್ರಕ್ಕೆ ಅಳತೆಗೋಲೇ ಇಲ್ಲವೆಂದಾಗದು. ತಪ್ಪಿದನೆಂದು ಹೇಳುವುದಕ್ಕೂ ಒಂದು ಅಳತೆಗೋಲು ಬೇಕಷ್ಟೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಖಾಸಗಿತನದ ಮೊಕದ್ದಮೆಯಲ್ಲಿ, 2017ರ ಆಗಸ್ಟ್‌ನಲ್ಲಿ, ಸರ್ವೋಚ್ಚ ನ್ಯಾಯಾಲಯವೇ 1976ರ ತೀರ್ಪನ್ನು ತಳ್ಳಿಹಾಕಿತು. ಜೀವ, ಸ್ವಾತಂತ್ರ್ಯಗಳು ಸಂವಿಧಾನ ಸೃಷ್ಟಿಸಿದವಲ್ಲ, ಅದು ಮನ್ನಿಸಿದವು ಎಂದು ಹೇಳಿತು. ಕಾನೂನೆಂದರೆ ನ್ಯಾಯಾಲಯ ನುಡಿದುದಷ್ಟೆ ಎನ್ನುವವರಿಗೆ, ಹಳೆಯ ತೀರ್ಪು ಅಂದಿಗೆ ಸರಿ, ಇಂದಿಗೆ ಬೇರೆ. ನ್ಯಾಯಾಲಯ ಹಾಗೆನ್ನಲಿಲ್ಲ, ಅದು ಅಂದೇ ತಪ್ಪಾಗಿತ್ತು ಎಂದಿತು.

ಬಹುಮತದ ನಾಲ್ವರಲ್ಲಿ ವೈ. ವಿ. ಚಂದ್ರಚೂಡ್ ಒಬ್ಬರು. ತಪ್ಪೆಂದು ಬರೆದವರು ಅವರ ಮಗ ಡಿ. ವೈ. ಚಂದ್ರಚೂಡ್. ಖನ್ನಾ ಅದನ್ನು ಕಾಣಲಿಲ್ಲ. 1977ರ ಜನವರಿಯಲ್ಲಿ, ತಮಗಿಂತ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿಗಳನ್ನಾಗಿ ನೇಮಿಸಿದಾಗ ಅವರು ರಾಜೀನಾಮೆಯಿತ್ತಿದ್ದರು, 2008ರಲ್ಲಿ ತೀರಿಕೊಂಡರು.