ದೀಪ ಹಚ್ಚಿದ ಮೇಲಿನ ಕೆಲಸ
(ರಜತ ಮಹೋತ್ಸವ ಸಭೆಯಲ್ಲಿ ಆಡಿದ ಮಾತು)



ನಮ್ಮೂರಿನ ಹೆಸರಲ್ಲೇ ಅಮಾಸೆ ಇದೆ. ಚಿಮಣಿ ಬುಡ್ಡಿಯ ಹೊಗೆ ಕುಡಿದು ಓದಿದವರು ಈ ಸಭೆಯಲ್ಲೂ ಇದ್ದಾರೆ. ಮನೆ ಮನೆಗೂ ಬೆಳಕು ಬೇಕು ಅಂತ ಆಗಲೂ ಹೇಳುತ್ತಿದ್ದೆವು. ಹೇಳಿದ್ದರಿಂದ ಒಂದು ದೀಪವೂ ಹತ್ತಲಿಲ್ಲ.

ದಿವಂಗತ ಎ. ಜಿ. ಕೊಡ್ಗಿಯವರ ಮುಂದಾಳ್ತನದಲ್ಲಿ ಅಮಾಸೆಬೈಲು ಚಾರಿಟೇಬಲ್ ಟ್ರಸ್ಟ್ ಈ ಕೆಲಸಕ್ಕೆ ಕೈಹಾಕಿತು. ಸರಕಾರದ ಸಹಾಯಧನಕ್ಕೆ ಮನೆಯವರೂ ತಮ್ಮ ಪಾಲು ಸೇರಿಸಿದರು. 2016-17ರ ಹೊತ್ತಿಗೆ ಅಮಾಸೆಬೈಲು, ಮಚ್ಚಟ್ಟು, ರಟ್ಟಾಡಿ ಗ್ರಾಮಗಳ ಸುಮಾರು 1,500 ಮನೆಗಳಲ್ಲಿ ಸೋಲಾರ್ ದೀಪ ಬೆಳಗಿತು. ಕೊಡ್ಗಿಯವರು 2022ರಲ್ಲಿ ತೀರಿಕೊಂಡರು. ಇನ್ನು ದೀಪದ ಹೊಣೆ ನಮ್ಮದು.

ಈಚೆಗೆ ನಾವು ಒಂದು ಮನೆಗೆ ಹೋಗಿದ್ದೆವು. ಪ್ಯಾನೆಲಿನ ಮೇಲೆ ಹಲಸಿನ ಗೆಲ್ಲಿನ ನೆರಳು, ಬ್ಯಾಟರಿಯಲ್ಲಿ ನೀರಿಲ್ಲ. "ಸೋಲಾರ್ ಹಾಳಾಯ್ತು" ಅಂತ ಅಜ್ಜಿ ಮತ್ತೆ ಬುಡ್ಡಿ ಹಚ್ಚಿದ್ದರು. ಮಕ್ಕಳು ಬೆಂಗಳೂರಲ್ಲಿ. ಪಕ್ಕದ ಮನೆಯವರು ನಾವೇ! "ಕಾಂಬ, ಮಾಡ್ವ" ಅಂತ ದಿನ ದೂಡಿದ್ದೂ ನಾವೇ. ನೀರು ಬತ್ತಿ ಒಳಗಿನ ಪ್ಲೇಟು ಒಣಗಿದರೆ ಬ್ಯಾಟರಿ ಹೋಯಿತೆಂದೇ ಲೆಕ್ಕ. ಆಮೇಲೆ ನೀರು ಹೊಯ್ದು ಫಲವಿಲ್ಲ.

ಹಾಗಾಗಿ ನಮ್ಮ ಕೋರಿಕೆ ಮೂರೇ. ತಿಂಗಳಿಗೊಮ್ಮೆ ಪ್ಯಾನೆಲ್ ಒರೆಸಿ, ಗೆಲ್ಲು ಸವರಿ. ಬ್ಯಾಟರಿಗೆ ಅಂಗಡಿಯ ಬ್ಯಾಟರಿ ನೀರನ್ನೇ ಹಾಕಿ, ಬಾವಿ ನೀರು ಬೇಡ. ಹೊಸ ಬ್ಯಾಟರಿಯ ಖರ್ಚಿಗೆಂದು ಸಂಘದ ಉಳಿತಾಯ ಖಾತೆಯಲ್ಲಿ ಅಷ್ಟಷ್ಟು ಕೂಡಿಡಿ. ನಿಮ್ಮ ಮನೆಯದ್ದು ಮುಗಿದ ಮೇಲೆ ಪಕ್ಕದ ಮನೆಯದ್ದನ್ನೂ ಒಮ್ಮೆ ನೋಡಿ ಬನ್ನಿ. ಸಹಕಾರವೆಂದರೆ ಇಷ್ಟೇ ಅಲ್ವಾ?