ಮನೆ ಅಲ್ಲಿ, ಕೂಲಿ ಇಲ್ಲಿ

ಯಳಂದೂರು ತಾಲೂಕಿನ ಅಗರದ ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬರುವವರನ್ನು ಕೇಳಿ ನೋಡಿ, ವೀಕ್ಷಕರೇ. ಊರಲ್ಲಿ ಮನೆ ಇದೆ, ಕೂಲಿ ಇಲ್ಲ ಅಂತಾರೆ. ಬಾಡಿಗೆ ಅಗ್ಗ ಇರೋ ಕಡೆ ಕೆಲಸವೂ ಕಡಿಮೆಯೇ. ಈ ಸರಳ ಲೆಕ್ಕ ಆಳುವವರಿಗೆ ಯಾಕೆ ಅರ್ಥವಾಗಲ್ಲ?

2012ರಲ್ಲಿ ಲಂಡನ್ನಿನ ನ್ಯೂಹ್ಯಾಮ್ ಕೌನ್ಸಿಲ್, ಬಾಡಿಗೆಗೆ ಸರ್ಕಾರದ ನೆರವು ಪಡೆಯುವ ಕುಟುಂಬಗಳನ್ನು ದೂರದ ಸ್ಟೋಕ್ ಪಟ್ಟಣಕ್ಕೆ ಕಳಿಸಲು ಹೊರಟಿತು. ಭಾರೀ ವಿರೋಧ ಬಂತು. ಮರುವರ್ಷ ಜನವರಿಯಲ್ಲಿ ನಮ್ಮ ಬೆಂಗಳೂರಿನ ಈಜಿಪುರದ ಬಡವರ ಕ್ವಾರ್ಟರ್ಸ್‌ಗೆ ಜೆಸಿಬಿ ನುಗ್ಗಿತು. ಬದಲಿಗೆ ತೋರಿಸಿದ್ದು ಸರ್ಜಾಪುರ ರಸ್ತೆ ಕಡೆಯ ಸೂಲಿಕುಂಟೆ. ಕೋರಮಂಗಲದಲ್ಲಿ ಮನೆಗೆಲಸ ಮಾಡಿ ಬದುಕುವ ಹೆಂಗಸು ಅಲ್ಲಿಂದ ಬೆಳಗ್ಗೆ ಆರಕ್ಕೆ ಹೇಗೆ ಬರಬೇಕು?

ನಾನು ಇಂಜಿನಿಯರಿಂಗ್ ಓದಿದವನು. ನಕ್ಷೆಯಲ್ಲಿ ಮನೆ ಸರಿಸೋದು ಸುಲಭ ಸ್ವಾಮಿ. ಜೊತೆಗೆ ಕೂಲಿ, ಬಸ್ಸು, ಮಕ್ಕಳ ಶಾಲೆ ಬರುತ್ತಾ? ಬರದಿದ್ದರೆ ಅದು ಪುನರ್ವಸತಿ ಅಲ್ಲ, ಗಡಿಪಾರು.